ಗವಿಯ ಬಾಗಿಲಲ್ಲಿ ಸರಕಾರ: ‘ಎಣ್ಮಕಜೆ’ಯನ್ನು ನಾರ್ವದಲ್ಲಿ ಕುಳಿತು ಓದಿದಾಗ

ಅಂಬಿಕಾಸುತನ್ ಮಾಂಗಾಡ್ ಅವರ ‘ಎಣ್ಮಕಜೆ’ ಮಲಯಾಳದಲ್ಲಿ ಪ್ರಕಟವಾದದ್ದು 2009ರಲ್ಲಿ. ನಾನು ಅದನ್ನು ಓದಿದ್ದು ಬಹಳ ತಡವಾಗಿ, ಅದೂ ಜೆ. ದೇವಿಕಾ ಅವರು 2017ರಲ್ಲಿ ‘ಸ್ವರ್ಗ’ ಎಂಬ ಹೆಸರಿನಲ್ಲಿ ತಂದ ಇಂಗ್ಲಿಷ್ ಅನುವಾದದ ಮೂಲಕ. ಕಾಸರಗೋಡಿನ ಓದುಗರಿಗೆ ಇದು ವಿಚಿತ್ರವೆನಿಸಬಹುದು. ಕನ್ನಡ, ತುಳು ಆಡುವ ಒಂದು ಪಂಚಾಯತಿನ ಕಥೆ ಮಲಯಾಳದಲ್ಲಿ ಬರೆಸಿಕೊಂಡು, ಇಂಗ್ಲಿಷಿನ ಬಳಸುದಾರಿ ಹಿಡಿದು, ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ನಾರ್ವದಲ್ಲಿರುವ ಒಬ್ಬ ಕನ್ನಡ ಮಾಸ್ತರನ ಕೈ ಸೇರಿತು. ಈ ವಾರ್ಷಿಕದ ಮಲಯಾಳ ಪುಟಗಳಲ್ಲೂ ನನಗೆ ಕಾಣುವುದು ಅಕ್ಷರದ ಚೆಲುವು ಮಾತ್ರ, ಅರ್ಥವಲ್ಲ. ಹಾಗಾಗಿ ಇಲ್ಲಿ ಬರೆಯುವುದನ್ನು ಭಾಷಾಂತರವೊಂದನ್ನು ಓದಿದವನ ಟಿಪ್ಪಣಿ ಎಂದೇ ತಿಳಿಯಬೇಕು. ಮೂಲದ ನುಡಿಗಟ್ಟಿನ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ.

ಆದರೂ ಈ ಕೃತಿಯ ಬಗ್ಗೆ ನನಗೊಂದು ಸಲಿಗೆಯಿದೆ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ಅದೇ ರಾಜ್ಯ ಪುನರ್ವಿಂಗಡಣೆ ಹೈದರಾಬಾದ್ ರಾಜ್ಯವನ್ನೂ ಮೂರು ಪಾಲು ಮಾಡಿತು. ರಾಯಚೂರು ಜಿಲ್ಲೆ ಮೈಸೂರಿಗೆ ಹೋಯಿತು, ಆದರೆ ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಮಹಬೂಬನಗರಕ್ಕೆ ಸೇರಿ ಆಂಧ್ರದಲ್ಲಿ ಉಳಿದವು. ಮಕ್ತಲ, ನಾರ್ವ, ಕೃಷ್ಣಾ ಸೀಮೆಯಲ್ಲಿ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಜಮೀನಿನ ಕಾಗದದಲ್ಲಿ ನಿಜಾಮನ ಕಾಲದ ಉರ್ದು ಶಬ್ದಗಳು ಎಂಬಂತೆ ಬದುಕುವ ಕುಟುಂಬಗಳು ಇಂದಿಗೂ ಇವೆ. ನಮ್ಮ ಮನೆಯ ವಿಳಾಸ 1956ರಲ್ಲಿ ಆಂಧ್ರ ಪ್ರದೇಶವಾಯಿತು, 2014ರಲ್ಲಿ ತೆಲಂಗಾಣವಾಯಿತು, 2019ರಲ್ಲಿ ಜಿಲ್ಲೆಯೂ ಬದಲಾಯಿತು. ಮನೆ ಮಾತ್ರ ಇದ್ದಲ್ಲೇ ಇದೆ. ಗಡಿಯಲ್ಲಿರುವವನಿಗೆ ಸರಕಾರ ಎಂದರೆ ದೂರದಲ್ಲೆಲ್ಲೋ ಬೇರೆ ಭಾಷೆಯಲ್ಲಿ ಯೋಚಿಸುವ ಒಂದು ಜೀವಿ. ‘ಎಣ್ಮಕಜೆ’ಯನ್ನು ಓದುವಾಗ ನನ್ನನ್ನು ಕಾಡಿದ ಪ್ರಶ್ನೆ ಈ ಅನುಭವದಿಂದಲೇ ಹುಟ್ಟಿದ್ದು: ಕಾಡು, ನೀರು, ಮನುಷ್ಯ ಇವನ್ನು ಕಾಯಬೇಕಾದ ಆಡಳಿತವನ್ನು ಈ ಕಾದಂಬರಿ ಹೇಗೆ ಕಾಣುತ್ತದೆ? ಅದು ಕಂಡದ್ದೆಷ್ಟು, ಕಾಣದೆ ಬಿಟ್ಟದ್ದೆಷ್ಟು?

ಕಥೆ ಇಲ್ಲಿನ ಓದುಗರಿಗೆ ಗೊತ್ತಿರುವುದೇ. ಲೋಕದಿಂದ ಗಾಯಗೊಂಡು ಬಂದ ಗಂಡು ಹೆಣ್ಣು ಇಬ್ಬರು ಜಟಾಧಾರಿ ಗುಡ್ಡದ ಕಾಡಿನಲ್ಲಿ ಮನುಷ್ಯ ಸಂಪರ್ಕವನ್ನೇ ತೊರೆದು ಬದುಕುತ್ತಿರುತ್ತಾರೆ. ತಮ್ಮ ಹೆಸರುಗಳನ್ನೂ ಅವರು ಕಳಚಿಟ್ಟಿದ್ದಾರೆ. ಪುರುಷ, ಸ್ತ್ರೀ ಅಷ್ಟೆ. ಒಂದು ದಿನ ಆಕೆ ಮೈತುಂಬ ಹುಣ್ಣಿರುವ ಮಗುವೊಂದನ್ನು ಎತ್ತಿಕೊಂಡು ಬರುತ್ತಾಳೆ. ಅಲ್ಲಿಂದ ಕಾಡಿನ ವ್ರತ ಮುರಿಯುತ್ತದೆ. ಮಗುವಿಗೆ ಔಷಧಿ ಬೇಕು, ಔಷಧಿಗೆ ಊರಿಗೆ ಹೋಗಬೇಕು, ಊರಿಗೆ ಹೋದರೆ ಅಲ್ಲಿ ಮನೆಮನೆಯಲ್ಲೂ ಇಂಥ ಮಕ್ಕಳು. ಮಗುವಿಗೆ ಪರೀಕ್ಷಿತನೆಂದು ಹೆಸರಿಡುತ್ತಾರೆ. ವಿಷದಿಂದ ಸಾಯುವನೆಂಬ ಶಾಪ ಹೊತ್ತ ದೊರೆಯ ಹೆಸರು. ಅವರಿಬ್ಬರೂ ನೀಲಕಂಠನ್, ದೇವಯಾನಿ ಎಂಬ ತಮ್ಮ ಹಳೆಯ ಹೆಸರುಗಳಿಗೆ ಮರಳುತ್ತಾರೆ.

ಕಾದಂಬರಿಯ ನಿಜವಾದ ಸಾಧನೆ ಇರುವುದು ಈ ಮರಳುವಿಕೆಯಲ್ಲಿ ಎಂದು ನನಗನ್ನಿಸುತ್ತದೆ. ನಮ್ಮ ಸಾಹಿತ್ಯದಲ್ಲಿ ಕಾಡಿಗೆ ಹೋಗುವುದು ಬಹುತೇಕ ಒಂದು ಬಿಡುಗಡೆ. ಇಲ್ಲಿ ಕಾಡಿಗೆ ಹೋದವರನ್ನೂ ವಿಷ ಹಿಂಬಾಲಿಸುತ್ತದೆ. ಮನುಷ್ಯರಿಂದ ದೂರವಾಗಿ ಪ್ರಕೃತಿಯ ಜೊತೆ ನೆಮ್ಮದಿಯಿಂದ ಇರುತ್ತೇನೆ ಎನ್ನುವವನಿಗೆ ಆ ಪ್ರಕೃತಿಯೇ ಉಳಿದಿಲ್ಲವೆಂಬುದು ಗೊತ್ತಾಗುತ್ತದೆ. ಒಂದು ಹೆಸರು ಪಡೆಯುವುದೆಂದರೆ ಒಂದು ಪಟ್ಟಿಗೆ ಸೇರುವುದು, ಒಂದು ಅರ್ಜಿಗೆ ಸಹಿ ಹಾಕಬಲ್ಲವನಾಗುವುದು, ಪ್ರಜೆಯಾಗುವುದು. ನಿಸರ್ಗದ ಮಡಿಲಿನಿಂದ ಪೌರತ್ವದ ಕಡೆಗೆ ನಡೆಯುವ ಈ ಚಲನೆಯನ್ನು ಇಷ್ಟು ಸಹಜವಾಗಿ ತೋರಿಸಿದ ಭಾರತೀಯ ಕಾದಂಬರಿಗಳು ಹೆಚ್ಚಿಲ್ಲ.

ಇನ್ನು ಕಥೆಯ ಹಿಂದಿರುವ ವಾಸ್ತವ. ಕೇರಳ ತೋಟಗಾರಿಕಾ ನಿಗಮದ ಗೇರು ತೋಟಗಳು ಕಾಸರಗೋಡು ಜಿಲ್ಲೆಯಲ್ಲಿ ಸುಮಾರು 4,600 ಹೆಕ್ಟೇರಿನಷ್ಟು ಹರಡಿಕೊಂಡಿವೆ. ಗೇರಿನ ಚಿಗುರು, ಹೂವುಗಳ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟ ಗುಡ್ಡದ ನೆತ್ತಿಯಲ್ಲಿ, ಮನೆಗಳು ಕಣಿವೆಯಲ್ಲಿ. ನೆತ್ತಿಯ ಮೇಲೆ ಬಿದ್ದದ್ದು ಮಳೆ ನೀರಿನೊಡನೆ ತೋಡಿಗೆ, ತೋಡಿನಿಂದ ಅಡಿಕೆ ತೋಟಕ್ಕೆ, ಹಟ್ಟಿಗೆ, ಅಡುಗೆ ಮನೆಗೆ. ಸಿಂಪಡಣೆಯ ದಿನ ಬಾವಿಗಳನ್ನು ಮುಚ್ಚಬೇಕೆಂಬ ನಿಯಮವಿತ್ತು. ಈ ನಿಯಮವನ್ನು ಮೇಜಿನ ಮುಂದೆ ಕುಳಿತು ಬರೆದವರು ಎಣ್ಮಕಜೆಯ ಕಡೆಯ ಸುರಂಗವೊಂದನ್ನು ಕಂಡಿರಲಾರರು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದು, ಒಳಗಿನಿಂದ ತಾನಾಗಿ ಹರಿದು ಬರುವ ನೀರನ್ನು ಬಾಯಿಯಲ್ಲಿ ಹಿಡಿಯುವ ಸುರಂಗವನ್ನು ಮುಚ್ಚುವುದು ಹೇಗೆ? ಅದರ ಬಾಯಿಗೆ ಚಾಪೆ ಕಟ್ಟಬಹುದು. ಅದರ ನೆತ್ತಿಯೇ ಇಡೀ ಗುಡ್ಡವಲ್ಲವೆ? ಒಂದು ಊರಿನ ಜನ ನೀರು ಕುಡಿಯುವ ರೀತಿಯನ್ನೇ ತಿಳಿಯದ ಕಾಯಿದೆ ಆ ಊರನ್ನು ಕಾಯಲಾರದು. ಆಡಳಿತದ ಒಳಿತು ಕೆಡುಕುಗಳನ್ನು ಕುರಿತ ದೊಡ್ಡ ದೊಡ್ಡ ಪುಸ್ತಕಗಳಿಗಿಂತ ಈ ಸುರಂಗದ ಬಾಯಿ ನನಗೆ ಹೆಚ್ಚು ಕಲಿಸಿತು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಈ ವಿಷ ಯಾವುದೋ ಖಾಸಗಿ ದುರಾಸೆಯ ಕಥೆಯಷ್ಟೇ ಅಲ್ಲ. ತೋಟ ರಾಜ್ಯ ಸರಕಾರದ ನಿಗಮದ್ದು. ಎಂಡೋಸಲ್ಫಾನನ್ನು ತಯಾರಿಸುತ್ತಿದ್ದ ಕಂಪೆನಿಗಳಲ್ಲಿ ಕೊಚ್ಚಿಯ ಬಳಿಯ ಏಲೂರಿನಲ್ಲಿ ಕಾರ್ಖಾನೆಯಿದ್ದ ಹಿಂದುಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೇಂದ್ರ ಸರಕಾರದ್ದೇ. ಮುಂದೆ ದೂರು ಬಂದಾಗ ತನಿಖೆಗೆ ಕೂತ ಸಮಿತಿಗಳೂ ಸರಕಾರದವೇ. ಮಾಡುವವನು, ಸುರಿಯುವವನು, ವಿಚಾರಿಸುವವನು ಮೂವರೂ ಒಬ್ಬನೇ ಆದಾಗ ಹಳ್ಳಿಯವನು ಯಾರ ಬಳಿ ಹೋಗಬೇಕು?

ಕಾದಂಬರಿಯ ಬಗೆಗಿನ ನನ್ನ ಅಸಮಾಧಾನ ಇಲ್ಲಿಂದ ಶುರುವಾಗುತ್ತದೆ. ಮಾಂಗಾಡ್ ಅವರು ಈ ಮೂರು ಮುಖದ ಪ್ರಭುತ್ವವನ್ನು ‘ನೇತಾರ’ನೆಂಬ ಒಬ್ಬ ರಾಜಕಾರಣಿಯಲ್ಲಿ ಅಡಕ ಮಾಡುತ್ತಾರೆ. ಆತ ಕ್ರೂರಿ, ಕಪಟಿ. ಓದುಗನ ಸಿಟ್ಟಿಗೆ ಗುರಿಯಾಗಲು ಅನುಕೂಲವಾದವನು. ಪುರಾಣದ ಹಂದರದಲ್ಲಿ ತಕ್ಷಕನೊಬ್ಬ ಬೇಕಲ್ಲ, ಅವನು ಈತ. ಆದರೆ ಎಣ್ಮಕಜೆಯ ಮೇಲೆ ವಿಷ ಸುರಿದದ್ದು ಒಬ್ಬ ದುಷ್ಟನ ಇಚ್ಛೆಯಿಂದಲ್ಲ. ಗೇರುಬೀಜದಿಂದ ವಿದೇಶಿ ವಿನಿಮಯ ಬರುತ್ತದೆ, ಕೂಲಿಯವರಿಗೆ ಕೆಲಸ ಸಿಗುತ್ತದೆ ಎಂದು ನಂಬಿದ, ಮನೆಗೆ ಹೋದರೆ ಮಕ್ಕಳನ್ನು ಮುದ್ದಿಸುವ, ಕಡತದ ಮೇಲೆ ಕ್ರಮಬದ್ಧವಾಗಿ ಸಹಿ ಹಾಕುವ ನೂರಾರು ಸಾಮಾನ್ಯರಿಂದ. ಟೆಂಡರು ಕರೆಯಲಾಗಿತ್ತು, ಬಿಲ್ಲು ಪಾಸಾಗಿತ್ತು, ಎಲ್ಲವೂ ಸರಿಯಾಗಿತ್ತು. ಇಪ್ಪತ್ತು ವರ್ಷಕ್ಕೂ ಮೀರಿ ನಡೆದ ಅನ್ಯಾಯಕ್ಕೆ ಖಳನಾಯಕನೊಬ್ಬ ಸಾಕಾಗುವುದಿಲ್ಲ. ಅದಕ್ಕೊಂದು ಕಚೇರಿ ಬೇಕು.

ಇಲ್ಲಿ ಕನ್ನಡದ ಓದುಗನಿಗೆ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ನೆನಪಾಗದೆ ಇರದು. ಕೆಸರೂರಿನಲ್ಲಿ ಏಲಕ್ಕಿ ಸಾಯುತ್ತಿದೆ, ಸಂಶೋಧನಾ ಕೇಂದ್ರದ ವಿಜ್ಞಾನಿಯೊಬ್ಬ ಸತ್ತಿದ್ದಾನೆ, ಪತ್ತೆದಾರಿಗೆ ಬಂದ ಅಧಿಕಾರಿ ಊರಿನ ಗೋಜಲಿನಲ್ಲಿ ಸಿಕ್ಕಿಬೀಳುತ್ತಾನೆ. ಕೊನೆಗೆ ಬೆಂಕಿ ಬಂದು ಎಲ್ಲವನ್ನೂ ಸುತ್ತುವರಿಯುವಾಗ ಇದಕ್ಕೆ ಕಾರಣ ಇಂಥವನೇ ಎಂದು ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಎಲ್ಲರೂ ಒಂದಿಷ್ಟು ಮೂರ್ಖರು, ಒಂದಿಷ್ಟು ಆಸೆಬುರುಕರು, ಒಂದಿಷ್ಟು ಒಳ್ಳೆಯವರು. ತೇಜಸ್ವಿಯವರ ನಗೆಯ ಹಿಂದೆ ಭಯಂಕರವಾದೊಂದು ಗ್ರಹಿಕೆಯಿದೆ. ವ್ಯವಸ್ಥೆ ಕುಸಿಯಲು ದುಷ್ಟತನ ಬೇಕಾಗಿಲ್ಲ, ಯಾರಿಗೂ ಯಾವುದೂ ತನ್ನದೆನ್ನಿಸದಿದ್ದರೆ ಸಾಕು. ಮಾಂಗಾಡ್ ಅವರಿಗೆ ಈ ನಗೆ ಸಾಧ್ಯವಿರಲಿಲ್ಲ ಎಂಬುದನ್ನು ಒಪ್ಪಬೇಕು. ಹುಣ್ಣಾದ ಮಗುವಿನ ಹಾಸಿಗೆಯ ಪಕ್ಕ ಕುಳಿತು ಯಾರು ನಗುತ್ತಾರೆ? ತೇಜಸ್ವಿ ಕಂಡದ್ದು ಬರಲಿರುವ ಬೆಂಕಿಯನ್ನು, ಮಾಂಗಾಡ್ ಕಂಡದ್ದು ಸುಟ್ಟ ಮೈಯನ್ನು. ಆದರೂ ಕೆಸರೂರಿನ ಗೋಜಲು ಸ್ವಲ್ಪ ಸ್ವರ್ಗಕ್ಕೂ ಬಂದಿದ್ದರೆ ಕಾದಂಬರಿ ನಮ್ಮನ್ನು ಇನ್ನಷ್ಟು ಅಸ್ವಸ್ಥಗೊಳಿಸುತ್ತಿತ್ತು. ನೇತಾರನನ್ನು ದ್ವೇಷಿಸುವ ಓದುಗ ತನ್ನನ್ನು ಸುಲಭವಾಗಿ ಹೊರಗಿಟ್ಟುಕೊಳ್ಳುತ್ತಾನೆ. ನಾನೂ ಇಟ್ಟುಕೊಂಡೆ.

ಖಳನನ್ನು ಹುಡುಕುವ ಬದಲು ಕೇಳಿಸಿಕೊಂಡವರನ್ನು ಹುಡುಕಿದರೆ ವಾಸ್ತವದಲ್ಲಿ ಸಿಗುವ ಹೆಸರುಗಳು ಕುತೂಹಲಕರವಾಗಿವೆ. ಕರುಗಳು ಕಾಲು ತಿರುಚಿಕೊಂಡು ಹುಟ್ಟುತ್ತಿವೆ, ಇದಕ್ಕೂ ಮೇಲಿನ ಸಿಂಪಡಣೆಗೂ ಸಂಬಂಧವಿರಬಹುದೆ ಎಂದು 1980ರ ಆಸುಪಾಸಿನಲ್ಲೇ ಬರೆದವರು ಶ್ರೀ ಪಡ್ರೆ. ಮುಂದೆ ‘ಅಡಿಕೆ ಪತ್ರಿಕೆ’ಯಿಂದ ಕನ್ನಡದ ಕೃಷಿಕರ ಕೈಗೆ ಲೇಖನಿ ಕೊಟ್ಟವರು, ಸುರಂಗಗಳನ್ನು ಲೋಕಕ್ಕೆ ಪರಿಚಯಿಸಿದವರು ಅವರೇ. ವಾಣಿನಗರದಲ್ಲಿ ಚಿಕಿತ್ಸಾಲಯ ಇಟ್ಟುಕೊಂಡಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಒಂದೇ ಸುತ್ತಳತೆಯ ಮನೆಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಇಷ್ಟೊಂದು ಏಕೆ ಎಂದು ಲೆಕ್ಕ ಇಡತೊಡಗಿದರು. ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋದರು. 2000ದಲ್ಲಿ ಅಲ್ಲಿಂದ ಬಂದ ತಡೆಯಾಜ್ಞೆ ಹೆಲಿಕಾಪ್ಟರನ್ನು ನೆಲಕ್ಕಿಳಿಸಿತು. ಈಕೆ ಯಾರು? ಕೃಷಿ ಇಲಾಖೆಯ ನೌಕರೆ. ಅಂದರೆ ಸರಕಾರದ ಒಳಗಿನವರೇ. ಸರಕಾರಿ ಸಂಬಳ ಪಡೆಯುವ ಒಬ್ಬ ಹೆಂಗಸು ಸರಕಾರಿ ನಿಗಮದ ವಿರುದ್ಧ ಅತಿ ಕೆಳಗಿನ ಒಂದು ಕೋರ್ಟಿನ ಮೆಟ್ಟಿಲೇರಿ ಗೆದ್ದದ್ದು ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಅತ್ಯಂತ ನಾಟಕೀಯ ಘಟನೆ. ಒಳ್ಳೆಯ ಆಡಳಿತ ಎಂಬುದು ತಿರುವನಂತಪುರದಿಂದಲೋ ದಿಲ್ಲಿಯಿಂದಲೋ ಇಳಿದು ಬರಲಿಲ್ಲ. ಹಳ್ಳಿಯ ವೈದ್ಯನ ಹಾಳೆಯಲ್ಲಿ, ಮುನ್ಸಿಫನ ಮೇಜಿನಲ್ಲಿ ಅದು ಹುಟ್ಟಿತು. ಮೇಲಿನವರು ಬಹುಕಾಲ ಮಾಡಿದ್ದು ಸಮಿತಿಗಳನ್ನು ನೇಮಿಸುವ ಕೆಲಸ.

ಆ ಸಮಿತಿಗಳ ಕಥೆಯೇ ಒಂದು ಪ್ರಹಸನ. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಹಾಲು, ರಕ್ತಗಳಲ್ಲಿ ವಿಷವಿದೆ ಎಂದಿತು. ನಿಗಮದ ಪರವಾಗಿ ನಡೆದ ಪರೀಕ್ಷೆ ಇಲ್ಲವೆಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಯ 117 ಹುಡುಗರನ್ನು ವಿಷ ಬೀಳದ ಊರಿನ 90 ಹುಡುಗರೊಂದಿಗೆ ಹೋಲಿಸಿ, ಪಡ್ರೆಯ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿದರು. ಅದೇ ವರ್ಷ ಕೇಂದ್ರದ ದುಬೆ ಸಮಿತಿ ಸಂಬಂಧವಿಲ್ಲವೆಂದು ಷರಾ ಬರೆಯಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದಾಗ ಅದಕ್ಕೆ ಅಡ್ಡ ನಿಂತು ಕೊನೆಗೆ ಒಪ್ಪಿದ್ದು ಭಾರತ. ಮರುತಿಂಗಳು, ಮೇ 13ರಂದು, ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದನ್ನು ತಡೆಯಿತು.

ಈ ಇಡೀ ವ್ಯವಹಾರವನ್ನು ನಾನು ಒಂದು ಭಾಷಾಂತರದ ಸಮಸ್ಯೆಯಾಗಿಯೂ ನೋಡುತ್ತೇನೆ. ತಾಯಿಯೊಬ್ಬಳು ತನ್ನ ಮಗುವಿನ ಕಷ್ಟವನ್ನು ತುಳುವಿನಲ್ಲಿ ಹೇಳುತ್ತಾಳೆ. ಡಾಕ್ಟರು ಅದನ್ನು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಜಿಲ್ಲಾ ಕಚೇರಿಯಲ್ಲಿ ಅದು ಮಲಯಾಳದ ಟಿಪ್ಪಣಿಯಾಗುತ್ತದೆ, ರಾಜಧಾನಿಯಲ್ಲಿ ಮತ್ತೆ ಇಂಗ್ಲಿಷು. ಪ್ರತಿ ಮೆಟ್ಟಿಲಿನಲ್ಲೂ ಏನೋ ಉದುರುತ್ತದೆ. ಮೊದಲು ಮಗುವಿನ ಹೆಸರು ಉದುರುತ್ತದೆ, ಆಮೇಲೆ ಊರಿನ ಹೆಸರು, ಕೊನೆಗೆ ನೋವು. ತಲುಪಬೇಕಾದಲ್ಲಿಗೆ ತಲುಪುವಾಗ ಉಳಿಯುವುದು ‘ಎನ್ನಲಾಗಿದೆ’ ಎಂಬ ಒಂದು ಕ್ರಿಯಾಪದ ಮಾತ್ರ. ಗಡಿಯ ಊರುಗಳಲ್ಲಿ ಆಡಳಿತ ಸೋಲುವುದು ಹೆಚ್ಚಾಗಿ ಈ ಮೆಟ್ಟಿಲುಗಳಲ್ಲಿ. ಕಾದಂಬರಿ ಅದರ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ‘ಎನ್ನಲಾಗಿದೆ’ಯಿಂದ ಶುರುಮಾಡಿ ಮಗುವಿನ ಹೆಸರಿಗೆ ಹಿಂತಿರುಗುತ್ತದೆ. ನೇತಾರನ ವಿಷಯದಲ್ಲಿ ಎಷ್ಟೇ ತಕರಾರಿದ್ದರೂ ‘ಎಣ್ಮಕಜೆ’ ಈ ಕೆಲಸವನ್ನು ಪೂರ್ತಿಯಾಗಿ ಮಾಡಿದೆ.

ಈಗ ಒಂದು ಕಹಿ ಮಾತು. ಈ ಕಾದಂಬರಿ ಕನ್ನಡದಲ್ಲಿ ಏಕೆ ಹುಟ್ಟಲಿಲ್ಲ? ವಿಷ ಬಿದ್ದ ಪಡ್ರೆ, ವಾಣಿನಗರ, ಪೆರ್ಲಗಳು ಕನ್ನಡದ ಅಂಗಳ. ಮೊದಲ ವರದಿ ಬರೆದವರು ಕನ್ನಡದವರು. ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ, ಕೆ. ವಿ. ತಿರುಮಲೇಶ್, ಸಾರಾ ಅಬೂಬಕ್ಕರ್ ಇಂಥವರನ್ನು ಕೊಟ್ಟ ನೆಲ ಅದು. ಆದರೂ ‘ಎಣ್ಮಕಜೆ’ಯ ಎದುರು ಇಡಬಲ್ಲ ಕನ್ನಡ ಕಾದಂಬರಿಯೊಂದನ್ನು ನಾನು ಓದಿಲ್ಲ. ಹೊರಗಿನವನಾಗಿ ನಾನು ಹೇಳುವುದು ತಪ್ಪಾಗಿದ್ದರೆ ಅಲ್ಲಿನ ಹಿರಿಯರು ಕ್ಷಮಿಸಬೇಕು. ಕಾಸರಗೋಡಿನ ಕನ್ನಡ ಮನಸ್ಸು 1956ರ ಗಾಯದ ಮೇಲೆ ಎಷ್ಟು ಕಾಲ ಕೈಯಿಟ್ಟುಕೊಂಡು ಕುಳಿತಿತೆಂದರೆ, ಅದಕ್ಕೆ ಉಳಿದ ಗಾಯಗಳೂ ಆ ಒಂದು ಗಾಯದ ಭಾಗವಾಗಿಯೇ ಕಂಡವು. ಶಾಲೆಯಲ್ಲಿ ಕನ್ನಡ ಬಾರದ ಮಾಸ್ತರು, ಕಚೇರಿಯಲ್ಲಿ ಅರ್ಥವಾಗದ ನಮೂನೆ, ಆಕಾಶದಿಂದ ವಿಷ. ಎಲ್ಲದಕ್ಕೂ ಒಂದೇ ಕಾರಣ, ನಾವು ತಪ್ಪು ರಾಜ್ಯದಲ್ಲಿದ್ದೇವೆ. 1967ರ ಮಹಾಜನ ವರದಿ ಜಾರಿಯಾಗಿ ಚಂದ್ರಗಿರಿಯ ಉತ್ತರ ಕರ್ನಾಟಕಕ್ಕೆ ಸೇರಿದ್ದರೆ ಹೀಗಾಗುತ್ತಿರಲಿಲ್ಲವೆಂಬ ಭಾವನೆ.

ಆಗುತ್ತಿತ್ತು. ಚಂದ್ರಗಿರಿಯ ದಕ್ಷಿಣದಲ್ಲಿ, ಅಪ್ಪಟ ಮಲಯಾಳದ ಪೆರಿಯ, ಚೀಮೇನಿ, ರಾಜಪುರಂಗಳಲ್ಲೂ ಅದೇ ವಿಷ ಬಿತ್ತು. ಗಡಿಯ ಈಚೆ, ಅಪ್ಪಟ ಕನ್ನಡ ಸರಕಾರದ ಆಳ್ವಿಕೆಯಲ್ಲಿ, ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರು ತೋಟಗಳ ಮೇಲೆ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ಹೆಲಿಕಾಪ್ಟರಿನಿಂದ ಅದನ್ನೇ ಸುರಿಸಿತು. ಕೊಕ್ಕಡದ ತಾಯಂದಿರು ದೂರು ಹೇಳಿದ್ದು ಕನ್ನಡದಲ್ಲಿ, ಕೇಳಬೇಕಾದವರು ಇದ್ದದ್ದೂ ಕನ್ನಡದಲ್ಲಿ. ಆದರೂ ಕೇಳಿಸಲು ಅಷ್ಟೇ ವರ್ಷ ಹಿಡಿಯಿತು. ಒಂದೇ ಭಾಷೆ ಆಡಿದ ಮಾತ್ರಕ್ಕೆ ಆಡಳಿತಕ್ಕೆ ಕಿವಿ ಬರುವುದಿಲ್ಲ. ಭಾಷಾಂತರದ ಮೆಟ್ಟಿಲುಗಳ ಬಗ್ಗೆ ನಾನು ಮೇಲೆ ಬರೆದದ್ದನ್ನು ಈ ಮಾತಿನೊಂದಿಗೆ ಸೇರಿಸಿಯೇ ಓದಬೇಕು. ಭಾಷೆ ಒಂದು ಅಡ್ಡಿ ನಿಜ, ಆದರೆ ಅದನ್ನು ತೆಗೆದುಹಾಕಿದರೂ ಉಳಿಯುವ ಅಡ್ಡಿಯೊಂದಿದೆ. ಗುಡ್ಡದ ಮೇಲಿನ ಬೆಳೆಗೆ ಲೆಕ್ಕಪುಸ್ತಕವಿದೆ, ಗುಡ್ಡದ ಕೆಳಗಿನ ಮನುಷ್ಯನಿಗಿಲ್ಲ.

ಇದನ್ನು ನಾನು ಕಾಸರಗೋಡಿಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ. ನಮ್ಮಲ್ಲಿ ಇದರ ಪಾಠ ಬೇರೆ ರೂಪದಲ್ಲಿ ಆಗಿದೆ. ಪಾಲಮೂರು ಎಂದರೆ ದೇಶಕ್ಕೆಲ್ಲ ಗೊತ್ತಿದ್ದದ್ದು ಅಣೆಕಟ್ಟು, ರಸ್ತೆ ಕಟ್ಟಲು ಗುಳೆ ಹೋಗುವ ಕೂಲಿಯವರ ಸೀಮೆಯೆಂದು. ಕೃಷ್ಣೆ ಪಕ್ಕದಲ್ಲೇ ಹರಿದರೂ ಹೊಲ ಒಣಗುತ್ತಿತ್ತು. ನಮ್ಮ ಭಾಷೆಯಲ್ಲದಿದ್ದರೂ ನಮ್ಮ ಪಕ್ಕದವರ ಭಾಷೆಯ ರಾಜ್ಯ ಬಂತು. ನೀರು, ನಿಧಿ, ನೇಮಕ ಎಂಬ ಮೂರು ಮಾತಿನ ಮೇಲೆ 2014ರಲ್ಲಿ ತೆಲಂಗಾಣವೇ ಹುಟ್ಟಿತು. ಆ ನಂತರ, 2023ರಲ್ಲಿ, ನಮ್ಮದೇ ಜಿಲ್ಲೆಯ ಮರಿಕಲ್ ಮಂಡಲದ ಚಿತ್ತನೂರಿನಲ್ಲಿ ಎಥನಾಲ್ ಕಾರ್ಖಾನೆಯಿಂದ ಗಾಳಿ ನೀರು ಕೆಡುತ್ತಿದೆಯೆಂದು ಸುತ್ತಲಿನ ಹಳ್ಳಿಯವರು ಬೀದಿಗಿಳಿದರು, ಲಾಠಿಯೇಟು ತಿಂದರು. ಅವರ ದೂರಿನ ಸತ್ಯಾಸತ್ಯ ತೂಗುವುದು ಈ ಲೇಖನದ ಕೆಲಸವಲ್ಲ. ಆದರೆ ದೂರು ಹೇಳುವವನು, ಅದನ್ನು ಬರೆದುಕೊಳ್ಳುವವನು, ಲಾಠಿ ಎತ್ತುವವನು ಎಲ್ಲರೂ ಒಂದೇ ತೆಲುಗಿನವರಾಗಿದ್ದರೆಂಬುದನ್ನು ಗಮನಿಸಬೇಕು.

ಇನ್ನೊಂದು ಉದಾಹರಣೆ ಇದರ ತಲೆಕೆಳಗಾದದ್ದು. ನಮ್ಮ ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. ನಾವು ಚಿಗರಿ ಎನ್ನುತ್ತೇವೆ. 1972ರ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಯ ಪ್ರಾಣಿ, ಮುಟ್ಟಿದರೆ ಜೈಲು. (ಅವಿಭಜಿತ ಆಂಧ್ರದ ರಾಜ್ಯ ಪ್ರಾಣಿಯೂ ಅದೇ ಆಗಿತ್ತು. ತೆಲಂಗಾಣ ಬಂದ ಮೇಲೆ ಚುಕ್ಕೆ ಜಿಂಕೆಯನ್ನು ಆ ಪೀಠದಲ್ಲಿ ಕೂರಿಸಿದರು. ಚಿಗರಿ ಪದವಿ ಕಳೆದುಕೊಂಡಿತು, ನಮ್ಮ ಹೊಲವನ್ನು ಮಾತ್ರ ಬಿಡಲಿಲ್ಲ.) ಮೊಳಕೆಯೊಡೆದ ತೊಗರಿ, ಹತ್ತಿ, ಜೋಳವನ್ನು ಒಂದು ರಾತ್ರಿಯಲ್ಲಿ ಬೋಳು ಮಾಡುತ್ತದೆ. ಈ ಕಾಯಿದೆ ಇಲ್ಲದಿದ್ದರೆ ಆ ಸುಂದರ ಪ್ರಾಣಿ ಯಾವತ್ತೋ ಮುಗಿದಿರುತ್ತಿತ್ತು, ಅದು ಆಡಳಿತದ ಗೆಲುವೇ. ಆದರೆ ಪಕ್ಕದ ಹೊಲದ ಕಾಕಾ ಬೆಳೆ ಹೋದ ಅರ್ಜಿ ಹಿಡಿದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಬಂದ ಸಂಜೆ ನನ್ನ ಕಟ್ಟೆಯ ಮೇಲೆ ಕುಳಿತು ಹೇಳಿದ ಮಾತು ಬೇರೆ: “ಮಾಸ್ತರ, ಚಿಗರಿಗಿ ಸರಕಾರ ಅದ. ನನ್ನ ತೊಗರಿಗಿ ಯಾರದಾರ?” ಎಣ್ಮಕಜೆಯಲ್ಲಿ ಬೆಳೆಯನ್ನು ಕಾಯಲು ಹೋಗಿ ಕಾಡನ್ನೂ ಮನುಷ್ಯನನ್ನೂ ಕೊಂದರು. ಇಲ್ಲಿ ಪ್ರಾಣಿಯನ್ನು ಕಾಯಲು ಹೋಗಿ ಬೆಳೆಯನ್ನೂ ಬೆಳೆದವನನ್ನೂ ಮರೆತರು. ಎರಡು ಕಡೆಯೂ ಕಡತದಲ್ಲಿ ಒಂದೇ ಜೀವಿಗೆ ಜಾಗವಿತ್ತು.

ಕಾದಂಬರಿಯ ಕೊನೆಗೆ ಬರುತ್ತೇನೆ. ನೀಲಕಂಠನ್, ದೇವಯಾನಿ ಮನುಷ್ಯ ಲೋಕವನ್ನು ಮತ್ತೆ ತೊರೆದು, ಬಟ್ಟೆಗಳನ್ನು ಕಳಚಿ ಗವಿಯನ್ನು ಹೊಗುತ್ತಾರೆ. ಹಿಂದೊಮ್ಮೆ ಪ್ರಳಯದಿಂದ ಪ್ರಾಣಿಗಳನ್ನು ಕಾಪಾಡಿದ ಗವಿ, ಮಾತಾಡುವ ಗವಿ. ಬಹಳ ಸುಂದರವಾದ, ಮೈ ನಡುಗಿಸುವ ಅಂತ್ಯ. ಅನೇಕರು ಇದನ್ನು ಕೃತಿಯ ಶಿಖರವೆನ್ನುತ್ತಾರೆ. ನನಗೆ ಅದು ಶಿಖರವೂ ಹೌದು, ಸೋಲೂ ಹೌದು. ಮನುಷ್ಯನಾಗಿರುವುದನ್ನೇ ಬಿಟ್ಟುಕೊಟ್ಟರೆ ಪ್ರಕೃತಿ ತೆಗೆದುಕೊಳ್ಳುತ್ತದ��� ಎಂಬ ಭರವಸೆ ಕಾವ್ಯಕ್ಕೆ ಚೆನ್ನ. ಆದರೆ ಹೆಸರು ಪಡೆದು ಪ್ರಜೆಗಳಾದ ಆ ಇಬ್ಬರು ಮತ್ತೆ ಹೆಸರಿಲ್ಲದವರಾಗುವಾಗ ಕಾದಂಬರಿ ತಾನೇ ಗಳಿಸಿದ್ದನ್ನು ಹಿಂತಿರುಗಿಸಿದಂತೆ ಕಾಣುತ್ತದೆ. ಹಾಸಿಗೆಯಲ್ಲಿ ಮಲಗಿರುವ ಮಕ್ಕಳ ತಾಯಂದಿರಿಗೆ ಹೊಗಲು ಯಾವ ಗವಿಯೂ ಇರಲಿಲ್ಲ. ಅವರು ರೈಲು ಹತ್ತಿ ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟಿನ ಮುಂದೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು, 2016ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ. ಕಾದಂಬರಿಕಾರರೂ ಆ ಹೋರಾಟಗಳ ಜೊತೆಗೇ ನಿಂತವರು. ಮಾಂಗಾಡ್ ಅವರ ಬದುಕು ಅವರ ಪಾತ್ರಗಳ ಹಿಂದೆ ಗವಿಗೆ ಹೋಗಲಿಲ್ಲ. ಕೃತಿಗಿಂತ ಕೃತಿಕಾರ ಹೆಚ್ಚು ಆಶಾವಾದಿಯಾಗಿರುವ ಅಪರೂಪದ ಪ್ರಸಂಗವಿದು.

ಆ ಆಶಾವಾದಕ್ಕೆ ಎಷ್ಟು ತಾಳ್ಮೆ ಬೇಕಾಯಿತೆಂಬುದು ದಾಖಲೆಯಲ್ಲಿದೆ. ಬಾಧಿತರಿಗೆ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರಿನಲ್ಲಿ ಹೇಳಿತು. ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಐದು ವರ್ಷ ಕಳೆದ ಮೇಲೆ, 2022ರ ಮೇ ತಿಂಗಳಲ್ಲಿ, ಅದೇ ನ್ಯಾಯಾಲಯ ಕಂಡದ್ದೇನೆಂದರೆ 3,704 ಮಂದಿಯಲ್ಲಿ ಹಣ ಮುಟ್ಟಿದ್ದು ಎಂಟು ಜನರಿಗೆ. ಮತ್ತೆ ಕೋರ್ಟಿನ ಬಾಗಿಲು ತಟ್ಟಿದ ಎಂಟು ಜನರಿಗೆ ಮಾತ್ರ. ಆ ಮೇಲೆ ಹಣ ಹರಿಯತೊಡಗಿತು, ಚಿಕಿತ್ಸೆಯ ಮೇಲ್ವಿಚಾರಣೆ ಕೇರಳ ಹೈಕೋರ್ಟಿಗೆ ಹೋಯಿತು. ಇನ್ನೂ ಮುಗಿದಿಲ್ಲ. ಕರ್ನಾಟಕದ ಗಡಿಗೆ ತಾಗಿದ ಮಿಂಚಿನಪದವಿನ ಗುಡ್ಡದ ಪಾಳು ಬಾವಿಯಲ್ಲಿ ಉಳಿದ ಎಂಡೋಸಲ್ಫಾನನ್ನು ಸುರಿಯಲಾಗಿದೆ ಎಂಬ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ. ಆ ಗುಡ್ಡದ ಮಳೆನೀರು ರಾಜ್ಯ ನೋಡಿ ಇಳಿಯುವುದಿಲ್ಲ.

ಕಳೆದ ಮಳೆಗಾಲದಲ್ಲಿ ಕಾಕಾನಿಗೆ ಈ ಕಾದಂಬರಿಯ ಕಥೆಯನ್ನು ನನಗೆ ಬಂದಂತೆ ಹೇಳಿದೆ. ಗವಿಯ ಭಾಗಕ್ಕೆ ಬಂದಾಗ ಅವನು ಕೈಯಾಡಿಸಿ, “ಅದು ಇರ್ಲಿ ತಮ್ಮಾ, ಆ ಕೂಸಿನ ತಾಯಿಗಿ ರೊಕ್ಕ ಬಂತೇನು?” ಎಂದು ಕೇಳಿದ. ನಾನು 3,704ರ ಲೆಕ್ಕವನ್ನೂ ಎಂಟರ ಲೆಕ್ಕವನ್ನೂ ಹೇಳಿದೆ, ಆಮೇಲೆ ಉಳಿದವರಿಗೂ ಕೊಡಲು ಶುರುಮಾಡಿದರೆಂದೂ ಹೇಳಿದೆ. ಐದು ವರ್ಷವೆಂದರೆ ಎಷ್ಟು ಬೆಳೆಯಾಯಿತು ಎಂದು ಬೆರಳು ಮಡಚಿ ಎಣಿಸಿದ. ಅಷ್ಟರಲ್ಲಿ ಕತ್ತಲಾಗಿತ್ತು. ಬ್ಯಾಟರಿ, ಬಡಿಗೆ, ಒಂದು ಹಳೆಯ ಡಬ್ಬಿ ಎತ್ತಿಕೊಂಡು ಚಿಗರಿ ಓಡಿಸಲು ಹೊಲಕ್ಕೆ ಹೋದ.